ಬಿಲ್ಡ್ ಓಡುವಾಗ ಕೆಲವು ಕೋರ್‌ಗಳು ಸುಮ್ನೆ ಕೂರುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಲ್ಯಾಪ್‌ಟಾಪ್, 16 ಥ್ರೆಡ್, ಅಂದರೆ ಒಮ್ಮೆಗೆ 16 ಕೆಲಸ ಓಡಿಸಬಲ್ಲದು. ದೊಡ್ಡದೊಂದು ಸಿ++ ಪ್ರಾಜೆಕ್ಟನ್ನು ಬಿಲ್ಡ್‌ಗೆ ಹಾಕಿ (ಅಂದರೆ ಸೋರ್ಸ್ ಕೋಡನ್ನು ಓಡುವ ಪ್ರೋಗ್ರಾಂ ಮಾಡಲು ಬಿಟ್ಟು), ಪಕ್ಕದ ಟರ್ಮಿನಲ್‌ನಲ್ಲಿ ಕೋರ್‌ಗಳ ಬಳಕೆ ತೋರಿಸುವ ಎಚ್‌ಟಾಪ್ ತೆರೆಯುತ್ತೀರಿ. ಮೂರ್ನಾಲ್ಕು ಪಟ್ಟಿಗಳು ಮಾತ್ರ ತುದಿವರೆಗೆ ಹಸಿರಾಗಿವೆ, ಉಳಿದವು ಖಾಲಿ. ಕಾಸು ಕೊಟ್ಟು ತಂದ ಕೋರ್‌ಗಳು ಹೀಗೆ ಕೂತಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ, ಅಲ್ವಾ?

ಇಲ್ಲಿರುವ ಉತ್ತರಗಳಲ್ಲಿ ಹೆಚ್ಚಿನವು ಲಿನಕ್ಸ್ ಬಳಸುವವರಿಗೆ. ಉದಾಹರಣೆಗೆ ಆಗಾಗ ಎಲ್‌ಎಲ್‌ವಿಎಂ ಕಂಪೈಲರ್‌ನ ಬಿಲ್ಡನ್ನು ತಗೊಂಡಿದ್ದೇನೆ. ಅದರ ಸೋರ್ಸ್ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಮತ್ತು ಇಲ್ಲಿ ಹೇಳುವ ತೊಂದರೆಗಳಲ್ಲಿ ಹಲವು ಅದೊಂದರಲ್ಲೇ ಕಣ್ಣಿಗೆ ಬೀಳುತ್ತವೆ.

ಎಲ್ಲ ಕೋರ್‌ಗಳೂ ನೂರಕ್ಕೆ ನೂರು ಓಡಲೇಬೇಕಾ?

ಬೇಕಿಲ್ಲ. ಹಬ್ಬದ ದಿನ ಹೋಳಿಗೆ ತಟ್ಟಲು ಆರು ಜನ ಕೂತಿದ್ದರೂ, ಬೇಳೆ ಬೆಂದು ಹೂರಣ ರುಬ್ಬಿ ಬರುವ ತನಕ ಅವರೆಲ್ಲ ಕಾಯಬೇಕು. ಆ ಹೊತ್ತಿನಲ್ಲಿ ಏಳನೆಯವರನ್ನು ಕರೆದು ಕೂರಿಸಿದರೆ ಏನೂ ಲಾಭ ಇಲ್ಲ, ಒಲೆ ಕಡೆ ನೋಡಬೇಕು. ಬಿಲ್ಡ್ ಕೂಡ ಹೀಗೇ. ಒಂದು ಫೈಲ್ ತಯಾರಾಗದೆ ಇನ್ನೊಂದು ಶುರುವಾಗುವುದಿಲ್ಲ. ಎಲ್ಲ ಆಬ್ಜೆಕ್ಟ್ ಫೈಲ್ (ಕಂಪೈಲ್ ಆಗಿ ಬಂದ ತುಂಡುಗಳು) ಬರದೆ ಲಿಂಕ್, ಅಂದರೆ ಅವನ್ನೆಲ್ಲ ಜೋಡಿಸಿ ಒಂದು ಪ್ರೋಗ್ರಾಂ ಮಾಡುವ ಕೆಲಸ, ಆಗುವುದಿಲ್ಲ. ಖಾಲಿ ಕೋರ್ ಕಂಡಾಗ ಅದು ಯಾವುದಕ್ಕೆ ಕಾಯುತ್ತಿದೆ ಅಂತ ಹುಡುಕಿ. ಕೆಳಗಿನ ಉತ್ತರಗಳೆಲ್ಲ ಆ ಹುಡುಕಾಟದ ದಾರಿಗಳು.

ಇನ್ನೊಂದು ವಿಷಯ. ಈಗ 3ನೇ ಕೋರ್ ತುಂಬಿತ್ತು, ಮರುಕ್ಷಣ 7ನೆಯದು ತುಂಬಿತು ಅಂತ ಗಾಬರಿ ಬೇಡ. ಕೆಲಸಗಳನ್ನು ಕೋರ್‌ಗಳಿಗೆ ಹಂಚುವ ಷೆಡ್ಯೂಲರ್ ಒಂದೇ ಕೆಲಸವನ್ನು ಒಂದು ಕೋರ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕುತ್ತಿರುತ್ತದೆ. ಅದು ಸಹಜ.

ಹುಡುಕಾಟ ಎಲ್ಲಿಂದ ಶುರು ಮಾಡಲಿ?

ಕೋರ್‌ಗಳು ಖಾಲಿಯಾಗುವುದು ಬಿಲ್ಡ್‌ನ ಯಾವ ಹೊತ್ತಿನಲ್ಲಿ ಅಂತ ನೋಡುವುದರಿಂದ. ಶುರುವಿನಿಂದ ಕೊನೆವರೆಗೂ ಒಂದೇ ಕೋರ್ ಓಡುತ್ತಿದ್ದರೆ ಜಾಬ್ ಸಂಖ್ಯೆಯ (ಒಟ್ಟಿಗೆ ಎಷ್ಟು ಕೆಲಸ ಓಡಿಸಬೇಕು ಅನ್ನುವ ಲೆಕ್ಕದ) ತೊಂದರೆ ಇರುತ್ತದೆ. ನಡುವೆ ಒಂದೆರಡು ಕಡೆ ತಗ್ಗು ಬಿದ್ದರೆ ಡಿಪೆಂಡೆನ್ಸಿ, ಅಂದರೆ ಒಂದು ಕೆಲಸ ಇನ್ನೊಂದಕ್ಕೆ ಕಾಯುವುದು. ಕೊನೆಯಲ್ಲಿ ಮಾತ್ರ ಒಂಟಿ ಕೋರ್ ಉಳಿದರೆ ಲಿಂಕ್, ಇಲ್ಲವೇ ಯಾವುದೋ ಒಂದು ದೈತ್ಯ ಫೈಲ್. ಉದ್ದಕ್ಕೂ ಎಲ್ಲ ಕೋರ್‌ಗಳೂ ಅರೆಬರೆ ಓಡುತ್ತಿದ್ದರೆ ಮೆಮೊರಿ, ಡಿಸ್ಕ್ ಅಥವಾ ಕಂಟೈನರ್‌ನ ಮಿತಿ.

ಇದರ ಜೊತೆಗೆ ‘ವಿಎಂಸ್ಟ್ಯಾಟ್ 1’ ಓಡಿಸಿ. ಸೆಕೆಂಡಿಗೊಂದು ಸಾಲು ಬರುತ್ತದೆ. ಮೊದಲ ಕಾಲಂ ‘ಆರ್’: ಈಗ ಓಡುತ್ತಿರುವ, ಇಲ್ಲವೇ ಓಡಲು ತಯಾರಾಗಿ ಕೋರ್‌ಗೆ ಕಾದಿರುವ ಕೆಲಸಗಳ ಲೆಕ್ಕ. ಎರಡನೆಯದು ‘ಬಿ’: ಡಿಸ್ಕ್‌ನಂಥದ್ದಕ್ಕೆ ಕಾಯುತ್ತಾ ಸಿಕ್ಕಿಬಿದ್ದಿರುವ ಕೆಲಸಗಳ ಲೆಕ್ಕ. ನನಗೆ ಇವೆರಡು ಕಾಲಂ ಎಚ್‌ಟಾಪ್‌ನ ಎಲ್ಲ ಬಣ್ಣಗಳಿಗಿಂತ ಜಾಸ್ತಿ ಉಪಯೋಗಕ್ಕೆ ಬಂದಿವೆ. 16 ಥ್ರೆಡ್ ಇರುವ ಯಂತ್ರದಲ್ಲಿ ‘ಆರ್’ 2 ಅಂತ ಇದ್ದು, ‘ಬಿ’ ಸೊನ್ನೆ ಆಗಿದ್ದರೆ ಕೋರ್‌ಗಳಿಗೆ ಕೊಡಲು ಕೆಲಸವೇ ಇಲ್ಲ. ‘ಬಿ’ ಏರುತ್ತಿದ್ದರೆ ಡಿಸ್ಕ್ ಅಥವಾ ಸ್ವಾಪ್ (ಮೆಮೊರಿ ಸಾಲದೆ ಡಿಸ್ಕನ್ನು ಬಳಸುವುದು). ‘ಆರ್’ 30 ಇದ್ದೂ ಅರ್ಧ ಕೋರ್‌ಗಳು ಖಾಲಿ ಇವೆಯೇ? ಆಗ ಕೆಲಸ ಇದೆ, ಆದರೆ ಕೋರ್‌ಗಳಿಗೆ ಹಂಚಿಕೆ ಆಗುತ್ತಿಲ್ಲ. ಅಫಿನಿಟಿಯ (ಯಾವ ಕೋರ್‌ಗಳಲ್ಲಿ ಓಡಬಹುದು ಅನ್ನುವ ಕಟ್ಟುಪಾಡಿನ) ಪ್ರಶ್ನೆ ಕೆಳಗಿದೆ, ಅದನ್ನು ನೋಡಿ.

ಒಂದೊಂದೇ ಕೋರ್‌ನ ಲೆಕ್ಕ ಬೇಕಾದರೆ ‘ಎಂಪಿಸ್ಟ್ಯಾಟ್ -ಪಿ ಆಲ್ 1’. ಇದು ಸಿಸ್‌ಸ್ಟ್ಯಾಟ್ ಪ್ಯಾಕೇಜ್‌ನಲ್ಲಿ ಬರುತ್ತದೆ.

ಒಂದೇ ಕೋರ್ ಓಡುತ್ತಿದೆ. ಏನು ಬಿಟ್ಟಿದ್ದೇನೆ?

ಬಹುಶಃ ಜಾಬ್ ಸಂಖ್ಯೆಯನ್ನೇ. ಬಿಲ್ಡ್ ನಡೆಸುವ ಸಾಧನವಾದ ಗ್ನೂ ಮೇಕ್‌ಗೆ ಏನೂ ಹೇಳದಿದ್ದರೆ ಅದು ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತದೆ. ‘ಮೇಕ್ -ಜೆ16’ ಅಂತ ಕೊಡಬೇಕು. ಬರೀ ‘-ಜೆ’ ಕೊಟ್ಟು ಸಂಖ್ಯೆ ಬಿಟ್ಟರೆ ಮಿತಿಯೇ ಇಲ್ಲ ಅಂತ ಅರ್ಥ. ದೊಡ್ಡ ಪ್ರಾಜೆಕ್ಟ್‌ನಲ್ಲಿ ನೂರಾರು ಕಂಪೈಲರ್ ಒಟ್ಟಿಗೆ ಎದ್ದು ಯಂತ್ರವೇ ಹೆಪ್ಪುಗಟ್ಟುತ್ತದೆ. ಹಾಗೆ ಮಾಡಬೇಡಿ.

ಮೇಕ್‌ನಂಥದ್ದೇ ಇನ್ನೊಂದು ಸಾಧನ ನಿಂಜಾ ಬಳಸುವವರಿಗೆ ಈ ಚಿಂತೆ ಇಲ್ಲ. ಅದು ತಾನಾಗಿಯೇ ಥ್ರೆಡ್‌ಗಳ ಸಂಖ್ಯೆಗೆ ಎರಡು ಸೇರಿಸಿಕೊಂಡು ಓಡುತ್ತದೆ. ಮೇಕ್, ನಿಂಜಾಗಳಿಗೆ ಬಿಲ್ಡ್ ಫೈಲ್ ಬರೆದುಕೊಡುವ ಸಿಮೇಕ್ ಮೂಲಕ ಬಿಲ್ಡ್ ಮಾಡುವವರು ‘-ಜೆ’ ಆಯ್ಕೆಯನ್ನು ಸಿಮೇಕ್‌ಗೇ ಕೊಡಬಹುದು, 3.12ನೇ ಆವೃತ್ತಿಯಿಂದ ಈ ಅನುಕೂಲ ಇದೆ.

ವಿಂಡೋಸ್‌ನಲ್ಲಿ ಎರಡು ಬೀಗ ತೆಗೆಯಬೇಕು. ಎಂಎಸ್‌ಬಿಲ್ಡ್‌ನ ‘ಎಂ’ ಸ್ವಿಚ್ ಹಲವು ಪ್ರಾಜೆಕ್ಟ್‌ಗಳನ್ನು ಒಟ್ಟಿಗೆ ಓಡಿಸುತ್ತದೆ. ಆದರೆ ಒಂದು ಪ್ರಾಜೆಕ್ಟ್‌ನ ಒಳಗಿನ ಫೈಲ್‌ಗಳು ಒಟ್ಟಿಗೆ ಕಂಪೈಲ್ ಆಗಬೇಕಾದರೆ ಕಂಪೈಲರ್‌ಗೆ ‘ಎಂಪಿ’ ಸ್ವಿಚ್ ಬೇರೆಯಾಗಿ ಕೊಡಬೇಕು. ಮೊದಲನೆಯದನ್ನು ಮಾತ್ರ ಕೊಟ್ಟು, ಎಲ್ಲವೂ ಒಂದೇ ಪ್ರಾಜೆಕ್ಟ್‌ನಲ್ಲಿದ್ದರೆ, ಒಂದೇ ಕೋರ್ ಓಡುತ್ತದೆ.

ಆಂಡ್ರಾಯ್ಡ್ ಮಾಡುವವರಿಗೆ ಒಂದು ಮಾತು. ಗ್ರೇಡಲ್ ಬೇರೆ ಬೇರೆ ಮಾಡ್ಯೂಲ್‌ಗಳ ಕೆಲಸವನ್ನು ತಾನಾಗಿ ಒಟ್ಟಿಗೆ ಓಡಿಸುವುದಿಲ್ಲ. ಅದರ ಪ್ರಾಪರ್ಟೀಸ್ ಫೈಲ್‌ನಲ್ಲಿ ‘ಪ್ಯಾರಲಲ್’ ಅನ್ನು ‘ಟ್ರೂ’ ಮಾಡಬೇಕು. ಆಪ್ ಪೂರ್ತಿ ಒಂದೇ ಮಾಡ್ಯೂಲ್ ಆಗಿದ್ದರೆ ಅದರಿಂದಲೂ ಅಂಥ ಬದಲಾವಣೆ ಕಾಣುವುದಿಲ್ಲ.

‘-ಜೆ16’ ಕೊಟ್ಟಿದ್ದೇನೆ, ಆದರೂ ಫೈಲ್‌ಗಳು ಒಂದಾದ ಮೇಲೆ ಒಂದು ಬರುತ್ತಿವೆ. ಯಾಕೆ?

ಇದು ನನ್ನ ಎರಡು ಸಂಜೆ ತಿಂದ ಪ್ರಶ್ನೆ. ಹಳೆಯ ಪ್ರಾಜೆಕ್ಟ್, ಹತ್ತಾರು ಫೋಲ್ಡರ್, ಪ್ರತಿ ಫೋಲ್ಡರ್‌ಗೂ ಅದರದ್ದೇ ಮೇಕ್‌ಫೈಲ್. ಕಂಪೈಲರ್ ಬದಲಾಯಿಸಿ ನೋಡಿದೆ, ಕರ್ನಲ್ ಬದಲಾಯಿಸಿ ನೋಡಿದೆ, ಏನೂ ಆಗಲಿಲ್ಲ. ಎರಡನೇ ಸಂಜೆ ಔಟ್‌ಪುಟ್ಟನ್ನು ಒಂದು ಫೈಲ್‌ಗೆ ಹಾಕಿ ಮೊದಲ ಸಾಲಿನಿಂದ ಓದುತ್ತಾ ಹೋದೆ. ನಾಲ್ಕೈದು ಪುಟ ಕಳೆದ ಮೇಲೆ ಒಂದು ಎಚ್ಚರಿಕೆ ಸಿಕ್ಕಿತು: ‘ಜಾಬ್‌ಸರ್ವರ್ ಅನವೇಲಬಲ್, ಯೂಸಿಂಗ್ -ಜೆ1’. ಸಾವಿರಾರು ಸಾಲುಗಳ ನಡುವೆ ಅದು ಸರ್ರನೆ ಮೇಲೆ ಹೋಗಿಬಿಟ್ಟಿತ್ತು.

ಆಗಿದ್ದು ಇಷ್ಟು. ಮೇಲಿನ ಮೇಕ್ ಒಟ್ಟು 16 ಟೋಕನ್ (ಒಂದು ಕೆಲಸ ಓಡಿಸಲು ಒಂದು ಚೀಟಿ) ಇಟ್ಟುಕೊಂಡು, ಕೆಳಗಿನ ಮೇಕ್‌ಗಳಿಗೆ ಹಂಚುತ್ತದೆ. ಇದನ್ನೇ ಜಾಬ್‌ಸರ್ವರ್ ಅನ್ನುವುದು. ಮೇಕ್‌ಫೈಲ್‌ನಲ್ಲಿ ಒಳಗಿನ ಮೇಕನ್ನು ಡಾಲರ್ ಗುರುತಿನ ‘ಮೇಕ್’ ವೇರಿಯಬಲ್ ಮೂಲಕ ಕರೆದಿದ್ದರೆ ಟೋಕನ್ ದಾರಿ ತೆರೆದಿರುತ್ತದೆ. ಅದರ ಬದಲು ಬರೀ ‘ಮೇಕ್’ ಅಂತ ಬರೆದಿದ್ದರೆ, ಅಥವಾ ಯಾವುದೋ ಶೆಲ್ ಸ್ಕ್ರಿಪ್ಟ್ ಒಳಗಿಂದ ಕರೆದಿದ್ದರೆ, ಆ ದಾರಿ ಮುಚ್ಚಿಹೋಗುತ್ತದೆ. ಒಳಗಿನ ಮೇಕ್ ಒಂದೇ ಜಾಬ್‌ಗೆ ಇಳಿಯುತ್ತದೆ. ಡಾಲರ್ ವೇರಿಯಬಲ್ ಹಾಕಿ, ಇಲ್ಲವೇ ಆ ಸಾಲಿನ ಶುರುವಿನಲ್ಲಿ ಪ್ಲಸ್ ಗುರುತು ಹಾಕಿ. ನನ್ನ ವಿಷಯದಲ್ಲಿ ಒಂದೇ ಸಾಲು ತಿದ್ದಿದ್ದು. ಆಮೇಲೆ ಹದಿನಾರೂ ಪಟ್ಟಿಗಳು ಒಟ್ಟಿಗೆ ಹಸಿರಾಗಿ ಎದ್ದವು. ಆ ಖುಷಿ ಇವತ್ತಿಗೂ ನೆನಪಿದೆ.

ಒಳಗಿನ ಸಾಲಿನಲ್ಲಿ ‘ಮೇಕ್ -ಜೆ4’ ಅಂತ ಸಂಖ್ಯೆ ಗಟ್ಟಿ ಬರೆದಿಡುವುದೂ ತಪ್ಪು. ಹಾಗೆ ಮಾಡಿದರೆ ಪ್ರತಿ ಒಳ ಮೇಕ್ ತನ್ನದೇ ಲೆಕ್ಕ ಶುರು ಮಾಡುತ್ತದೆ. ಒಮ್ಮೆ 40 ಜಾಬ್, ಇನ್ನೊಮ್ಮೆ 4 ಆಗುತ್ತದೆ.

ಮೇಕ್‌ಫೈಲ್‌ನಲ್ಲಿ ‘.ನಾಟ್‌ಪ್ಯಾರಲಲ್’ ಅನ್ನುವ ಗುರಿ ಇದೆಯೇ ಅಂತಲೂ ಹುಡುಕಿ. ಯಾವತ್ತೋ ಯಾರೋ ಡಿಪೆಂಡೆನ್ಸಿ ಸರಿಯಾಗಿ ಬರೆಯಲಾಗದೆ ಅದನ್ನು ಹಾಕಿ ಹೋಗಿರುತ್ತಾರೆ. ಅದನ್ನು ಸುಮ್ನೆ ಅಳಿಸಿಬಿಡಬೇಡಿ. ಬಿಟ್ಟುಹೋದ ಡಿಪೆಂಡೆನ್ಸಿಗಳನ್ನು ಬರೆದು, ಆಮೇಲೆ ತೆಗೆಯಿರಿ. ಗ್ನೂ ಮೇಕ್ 4.4ರಲ್ಲಿ ‘ಷಫಲ್’ ಆಯ್ಕೆ ಬಂದಿದೆ. ಅದು ಕೆಲಸಗಳ ಸರದಿಯನ್ನು ಕಲಸಿ ಓಡಿಸುತ್ತದೆ. ಬಿಟ್ಟುಹೋದ ಡಿಪೆಂಡೆನ್ಸಿ ಇದ್ದರೆ ಬಿಲ್ಡ್ ಮುರಿದು ತೋರಿಸುತ್ತದೆ.

ನಡುವೆ ಒಂದು ಹಂತದಲ್ಲಿ ಎಲ್ಲವೂ ನಿಂತು, ಆಮೇಲೆ ಮತ್ತೆ ಹುಮ್ಮಸ್ಸಿನಿಂದ ಓಡುತ್ತದೆ. ಇದೇನು?

ಅಲ್ಲಿ ದಾರಿ ಕಿರಿದಾಗಿದೆ. ಎಲ್‌ಎಲ್‌ವಿಎಂನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಅಲ್ಲಿ ಟೇಬಲ್‌ಜೆನ್ ಅನ್ನುವ ಸಾಧನ ಮೊದಲು ಬಿಲ್ಡ್ ಆಗಬೇಕು. ಅದು ಓಡಿ, ಪ್ರೊಸೆಸರ್‌ಗಳ ವಿವರಣೆ ಓದಿ, ಕೋಡ್ ಫೈಲ್‌ಗಳನ್ನು ಬರೆದುಕೊಡಬೇಕು. ಉಳಿದ ಎಷ್ಟೋ ಫೈಲ್‌ಗಳು ಅವನ್ನು ಸೇರಿಸಿಕೊಳ್ಳುವುದರಿಂದ, ಅವು ಬರುವ ತನಕ ಶುರುವಾಗುವಂತಿಲ್ಲ. ಡೀಬಗ್ ಬಿಲ್ಡ್‌ನಲ್ಲಿ ಟೇಬಲ್‌ಜೆನ್ ಕೂಡ ಡೀಬಗ್ ರೂಪದಲ್ಲೇ ಬಿಲ್ಡ್ ಆಗಿ ನಿಧಾನವಾಗಿ ಓಡುತ್ತದೆ. ಅದಕ್ಕೇ ಎಲ್‌ಎಲ್‌ವಿಎಂನವರು ಟೇಬಲ್‌ಜೆನ್ ಒಂದನ್ನು ಮಾತ್ರ ಆಪ್ಟಿಮೈಸ್ ಮಾಡಿ ಬಿಲ್ಡ್ ಮಾಡುವ ಸಿಮೇಕ್ ಆಯ್ಕೆ ಕೊಟ್ಟಿದ್ದಾರೆ. ಡೀಬಗ್ ಬಿಲ್ಡ್ ಮಾಡುವವರು ಅದನ್ನು ಹಾಕಿಕೊಳ್ಳಿ.

ನಿಮ್ಮ ಪ್ರಾಜೆಕ್ಟ್‌ನಲ್ಲೂ ಇಂಥದ್ದು ಇರಬಹುದು: ಪ್ರೋಟೊಬಫ್, ಪಾರ್ಸರ್ ಜನರೇಟರ್, ಕ್ಯೂಟಿ ಪ್ರಾಜೆಕ್ಟ್‌ಗಳ ಮಾಕ್. ಲೈಬ್ರರಿಗಳ ನಡುವೆ ಬೇಡದ ಡಿಪೆಂಡೆನ್ಸಿ ಇದ್ದರೂ ಹೀಗೆ ಆಗುತ್ತದೆ. ಕಂಪೈಲ್ ಆಗಲು ಹೆಡರ್ ಸಾಕಾಗಿದ್ದರೂ ಇಡೀ ಲೈಬ್ರರಿ ಲಿಂಕ್ ಆಗಲಿ ಅಂತ ಕಾಯುವುದು.

ಎಲ್ಲಿ ತಗ್ಗು ಅಂತ ಕಣ್ಣಾರೆ ನೋಡಬೇಕಾದರೆ, ನಿಂಜಾ ಬಿಲ್ಡ್ ಫೋಲ್ಡರ್‌ನಲ್ಲಿ ‘.ನಿಂಜಾ_ಲಾಗ್’ ಅನ್ನುವ ಫೈಲ್ ಬಿಟ್ಟಿರುತ್ತದೆ. ಪ್ರತಿ ಕೆಲಸ ಶುರುವಾದ, ಮುಗಿದ ಹೊತ್ತು ಮಿಲಿಸೆಕೆಂಡಿನಲ್ಲಿ ಅದರಲ್ಲಿರುತ್ತದೆ. ನಿಂಜಾಟ್ರೇಸಿಂಗ್ ಅನ್ನುವ ಪುಟ್ಟ ಸ್ಕ್ರಿಪ್ಟ್ ಅದನ್ನು ಕ್ರೋಮ್ ಬ್ರೌಸರ್‌ನ ಟ್ರೇಸಿಂಗ್ ಪುಟದಲ್ಲಿ ತೆರೆಯುವ ರೂಪಕ್ಕೆ ತರುತ್ತದೆ. ಅಡ್ಡ ಪಟ್ಟಿಗಳ ನಡುವೆ ಬಿಳಿ ಜಾಗ ಎಲ್ಲಿದೆಯೋ, ಅಲ್ಲಿ ಒಂಟಿಯಾಗಿ ಉದ್ದಕ್ಕೆ ಮಲಗಿರುವ ಪಟ್ಟಿಯ ಹೆಸರು ಓದಿ. ನಿಮ್ಮ ಬೇಳೆ ಅದೇ.

‘ಕಾನ್ಫಿಗರ್’ ಸ್ಕ್ರಿಪ್ಟ್ ಓಡುವಾಗ ಒಂದೇ ಕೋರ್ ಬಳಕೆಯಾಗುವುದು ಅದರ ಗುಣ. ಒಂದೊಂದೇ ಪುಟ್ಟ ಪ್ರೋಗ್ರಾಂ ಕಂಪೈಲ್ ಮಾಡಿ ಪರೀಕ್ಷಿಸುತ್ತಾ ಹೋಗುತ್ತದೆ. ‘-ಜೆ’ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊನೆಯ ಎರಡು ನಿಮಿಷ ಒಂದೇ ಕೋರ್ ಓಡುತ್ತದೆ. ಏನು ಮಾಡಲಿ?

ಎಚ್‌ಟಾಪ್‌ನಲ್ಲಿ ಆಗ ಓಡುತ್ತಿರುವ ಪ್ರೋಗ್ರಾಂನ ಹೆಸರು ನೋಡಿ. ‘ಸಿಸಿ1ಪ್ಲಸ್’ ಅಂತಿದ್ದರೆ ಜಿಸಿಸಿ ಕಂಪೈಲರ್ ಇನ್ನೂ ಯಾವುದೋ ಒಂದು ಫೈಲ್ ಕಂಪೈಲ್ ಮಾಡುತ್ತಿದೆ. ಅದೇ ಸಾಲಿನಲ್ಲಿ ಫೈಲ್ ಹೆಸರೂ ಇರುತ್ತದೆ. ಸಾಮಾನ್ಯವಾಗಿ ಅದು ಯಂತ್ರ ಬರೆದ ದೊಡ್ಡ ಫೈಲ್ ಆಗಿರುತ್ತದೆ, ಅಥವಾ ಟೆಂಪ್ಲೇಟ್ ತುಂಬಿದ ಫೈಲ್. ಒಂದು ಫೈಲನ್ನು ಕಂಪೈಲರ್ ಹಲವು ಕೋರ್‌ಗಳಿಗೆ ಹಂಚುವುದಿಲ್ಲ. ಆ ಫೈಲನ್ನು ಒಡೆಯಿರಿ. ಒಡೆಯಲು ಆಗದಿದ್ದರೆ ಎಲ್ಲಕ್ಕಿಂತ ಮೊದಲು ಶುರುವಾಗುವ ಹಾಗೆ ಮಾಡಿ. ಮೂರು ನಿಮಿಷದ ಕೆಲಸವನ್ನು ಕೊನೆಗೆ ಇಟ್ಟುಕೊಂಡರೆ ಆ ಮೂರು ನಿಮಿಷ ಉಳಿದ ಹದಿನೈದು ಥ್ರೆಡ್‌ಗಳೂ ಕಾಯುತ್ತವೆ. ನಿಂಜಾ 1.12ರಿಂದ ಇದರಲ್ಲಿ ಸ್ವಲ್ಪ ನೆರವಾಗುತ್ತದೆ. ಉದ್ದದ ಸರಪಳಿಯಲ್ಲಿರುವ ಕೆಲಸಗಳನ್ನು ಮುಂದೆ ತರುತ್ತದೆ. ನಿಮ್ಮಲ್ಲಿ ಹಳೆಯ ನಿಂಜಾ ಇದ್ದರೆ ಇದೊಂದಕ್ಕಾಗಿಯಾದರೂ ಹೊಸದು ಹಾಕಿ.

ಯೂನಿಟಿ ಬಿಲ್ಡ್ ಬಳಸುವವರು ಇಲ್ಲಿ ಹುಷಾರಾಗಿರಬೇಕು. ಅದರಲ್ಲಿ ಸಿಮೇಕ್ ತಾನಾಗಿ ಎಂಟೆಂಟು ಫೈಲ್ ಸೇರಿಸಿ ಒಂದು ಮಾಡುತ್ತದೆ. ಒಟ್ಟು ಕೆಲಸ ಕಡಿಮೆಯಾಗುತ್ತದೆ ನಿಜ, ಹಂಚಲು ಸಿಗುವ ತುಂಡುಗಳೂ ಕಡಿಮೆಯಾಗುತ್ತವೆ.

ಹೆಸರು ‘ಎಲ್‌ಡಿ’ ಅಂತಿದ್ದರೆ ಅದು ಲಿಂಕರ್. ಹಳೆಯ ಗ್ನೂ ಲಿಂಕರ್ ಒಂದೇ ಥ್ರೆಡ್‌ನಲ್ಲಿ ಓಡುತ್ತದೆ. ಎಲ್‌ಎಲ್‌ಡಿ ಮತ್ತು ಮೋಲ್ಡ್ ಹಲವು ಥ್ರೆಡ್ ಬಳಸುತ್ತವೆ. ಮೋಲ್ಡ್ ಬರೆದವರು ರೂಯಿ ಉಯೆಯಾಮ, ಅದರ 1.0 ಆವೃತ್ತಿ 2021ರ ಡಿಸೆಂಬರ್‌ನಲ್ಲಿ ಬಂತು. ಲಿಂಕರ್ ಬದಲಿಸಲು ಒಂದೇ ಫ್ಲ್ಯಾಗ್ ಸಾಕು. ಈ ಪುಟದಲ್ಲಿರುವ ಸಲಹೆಗಳಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಜಾಸ್ತಿ ಫಲ ಕೊಡುವುದು ಇದೇ ಅಂತ ನನ್ನ ನಂಬಿಕೆ.

ಜಿಸಿಸಿಯಲ್ಲಿ ಎಲ್‌ಟಿಓ (ಲಿಂಕ್ ಹೊತ್ತಿನಲ್ಲಿ ಮಾಡುವ ಆಪ್ಟಿಮೈಸೇಷನ್) ಹಾಕಿದ್ದೀರಾ? ಹಾಗಾದರೆ ಲಿಂಕ್ ಹೊತ್ತಿನಲ್ಲೇ ದೊಡ್ಡ ಕಂಪೈಲ್ ನಡೆಯುತ್ತದೆ. ‘ಯೂಸಿಂಗ್ ಸೀರಿಯಲ್ ಕಂಪೈಲೇಷನ್’ ಅನ್ನುವ ಎಚ್ಚರಿಕೆ ಬಂದರೆ, ಆ ಕೆಲಸವೆಲ್ಲ ಸಾಲಾಗಿ ಒಂದೊಂದೇ ಆಗುತ್ತಿದೆ ಅಂತ. ಫ್ಲ್ಯಾಗನ್ನು ‘-ಎಫ್‌ಎಲ್‌ಟಿಓ=ಆಟೋ’ ಮಾಡಿ. ಕ್ಲ್ಯಾಂಗ್ ಕಂಪೈಲರ್ ಬಳಸುವವರು ಥಿನ್ ಎಲ್‌ಟಿಓ ಕಡೆ ಹೋಗಿ.

ಜಾಬ್ ಜಾಸ್ತಿ ಮಾಡಿದಷ್ಟೂ ನಿಧಾನ ಆಗುತ್ತಿದೆ. ಇದು ಹೇಗೆ?

ರ‍್ಯಾಮ್ ನೋಡಿ. ಒಂದು ಭಾರಿ ಸಿ++ ಫೈಲ್ ಕಂಪೈಲ್ ಆಗಲು ಒಂದರಿಂದ ಎರಡು ಜಿಬಿ ಬೇಡುವುದು ಅಪರೂಪವಲ್ಲ. 16 ಜಿಬಿ ಯಂತ್ರದಲ್ಲಿ ಅಂಥ 16 ಫೈಲ್ ಒಟ್ಟಿಗೆ ಬಂದರೆ ಸ್ವಾಪ್ ಶುರು. ಆಗ ವಿಎಂಸ್ಟ್ಯಾಟ್‌ನ ‘ಎಸ್‌ಐ’, ‘ಎಸ್‌ಓ’ ಕಾಲಂಗಳು ಸೊನ್ನೆ ಬಿಟ್ಟು ಏಳುತ್ತವೆ. ಕೋರ್‌ಗಳು ಖಾಲಿ, ಮೌಸ್ ಕೂಡ ಅಲುಗಾಡುವುದಿಲ್ಲ. ಇನ್ನೂ ಮುಂದೆ ಹೋದರೆ ಕರ್ನಲ್ ಒಂದು ಕಂಪೈಲರನ್ನು ಕೊಂದು ಹಾಕುತ್ತದೆ. ಪರದೆಯಲ್ಲಿ ‘ಕಿಲ್ಡ್’ ಅನ್ನುವ ಪದ ಕಾಣುತ್ತದೆ. ಇದು ನಿಮ್ಮ ಕೋಡ್‌ನ ತಪ್ಪಲ್ಲ.

ಜಾಬ್ ಸಂಖ್ಯೆ ಇಳಿಸುವುದೇ ಮದ್ದು. ‘-ಜೆ8’ರಲ್ಲಿ ಬೇಗ ಮುಗಿಯುವ ಬಿಲ್ಡ್‌ಗಳು ಬೇಕಾದಷ್ಟಿವೆ. ಎಲ್‌ಎಲ್‌ವಿಎಂನಂತೆ ಲಿಂಕ್ ಹಂತ ಮಾತ್ರ ಮೆಮೊರಿ ನುಂಗುವುದಾದರೆ, ಲಿಂಕ್ ಕೆಲಸಗಳಿಗೆ ಮಾತ್ರ ಮಿತಿ ಹಾಕಿ. ಎಲ್‌ಎಲ್‌ವಿಎಂಗೆ ಅದಕ್ಕೆಂದೇ ಸಿಮೇಕ್ ಆಯ್ಕೆ ಇದೆ. ಬೇರೆ ಪ್ರಾಜೆಕ್ಟ್‌ನಲ್ಲಿ ನಿಂಜಾದ ಪೂಲ್ ಬಳಸಿ, ಒಂದು ಸಲಕ್ಕೆ ಎರಡೇ ಲಿಂಕ್ ಅಂತ ಬರೆಯಬಹುದು. ಕಂಪೈಲ್ 16 ಓಡಲಿ, ಲಿಂಕ್ 2 ಓಡಲಿ.

ಮೇಕ್‌ನ ‘-ಎಲ್’ ಆಯ್ಕೆ ಲೋಡ್ ಆವರೇಜ್ ನೋಡಿ ಹೊಸ ಜಾಬ್ ತಡೆಯುತ್ತದೆ. ಆದರೆ ಆ ಸರಾಸರಿ ಹಿಂದಿನ ಹೊತ್ತಿನ ಲೆಕ್ಕ. ಹಾಗಾಗಿ ಹಳೆಯ ಮೇಕ್‌ಗಳಲ್ಲಿ ಕೋರ್‌ಗಳು ಅಲೆಯಂತೆ ತುಂಬಿ ಖಾಲಿಯಾಗುವುದು ಕಾಣಬಹುದು.

ಡಿಸ್ಕ್‌ನಿಂದಲೂ ಹೀಗಾಗಬಹುದಾ?

ಆಗಬಹುದು. ಎಂಪಿಸ್ಟ್ಯಾಟ್‌ನಲ್ಲಿ ‘ಐಓವೇಟ್’ (ಡಿಸ್ಕ್‌ಗೆ ಕಾದ ಹೊತ್ತು) ಜಾಸ್ತಿ ಇದ್ದರೆ ಅದೇ. ಹಾರ್ಡ್‌ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಬನ್ನಿ. ನೆಟ್‌ವರ್ಕ್ ಡ್ರೈವ್ ಮೇಲೆ ಬಿಲ್ಡ್ ಮಾಡಬೇಡಿ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಳಸುವವರು ಸೋರ್ಸನ್ನು ಸಿ ಡ್ರೈವ್‌ನಲ್ಲಿಡದೆ ಲಿನಕ್ಸ್ ಕಡೆಯ ಹೋಂ ಫೋಲ್ಡರ್‌ನಲ್ಲಿಡಿ. ಸಾವಿರಾರು ಹೆಡರ್ ತೆರೆಯುವ ಕೆಲಸದಲ್ಲಿ ಆ ಗಡಿ ದಾಟುವುದೇ ದೊಡ್ಡ ಹೊರೆ.

ಕಂಟೈನರ್‌ನಲ್ಲಿ ಬಿಲ್ಡ್ ಮಾಡುತ್ತೇನೆ. 32 ಕೋರ್ ತೋರಿಸುತ್ತದೆ, ಎಲ್ಲವೂ ಚೂರುಚೂರು ಓಡುತ್ತವೆ.

ಡಾಕರ್‌ಗೆ 4 ಸಿಪಿಯು ಅಂತ ಮಿತಿ ಕೊಟ್ಟರೂ, ಕೋರ್‌ಗಳ ಸಂಖ್ಯೆ ಹೇಳುವ, ಬಹಳಷ್ಟು ಕಡೆ ಇರುವ ‘ಎನ್‌ಪ್ರಾಕ್’ ಒಳಗಿನಿಂದ 32 ಅಂತಲೇ ಹೇಳುತ್ತದೆ. ಆ ಮಿತಿ ಕೋರ್‌ಗಳ ಮೇಲಿನದಲ್ಲ, ಹೊತ್ತಿನ ಮೇಲಿನದು. ಪ್ರತಿ 100 ಮಿಲಿಸೆಕೆಂಡಿಗೆ 400 ಮಿಲಿಸೆಕೆಂಡಿನಷ್ಟು ಕೋರ್ ಹೊತ್ತು ಸಿಗುತ್ತದೆ. 32 ಜಾಬ್ ಒಟ್ಟಿಗೆ ನುಗ್ಗಿದರೆ ಆ ಪಾಲು ಹನ್ನೆರಡು ಹದಿಮೂರು ಮಿಲಿಸೆಕೆಂಡಿನಲ್ಲೇ ಮುಗಿದು, ಉಳಿದ ಹೊತ್ತು ಎಲ್ಲರೂ ನಿಂತಿರಬೇಕು. ಈ ಮಿತಿಯನ್ನು ಜಾರಿ ಮಾಡುವ ಸಿಗ್ರೂಪ್‌ನ ‘ಸಿಪಿಯು.ಸ್ಟ್ಯಾಟ್’ ಫೈಲ್‌ನಲ್ಲಿ ‘ಎನ್‌ಆರ್_ಥ್ರಾಟಲ್ಡ್’ ಏರುತ್ತಿದ್ದರೆ ಖಾತ್ರಿ. ‘-ಜೆ4’ ಅಥವಾ ‘-ಜೆ5’ ಅಂತ ನೀವೇ ಬರೆಯಿರಿ. ಎನ್‌ಪ್ರಾಕ್ ಮೇಲೆ ಬಿಡಬೇಡಿ.

ಕೆಲವು ಕೋರ್‌ಗಳಿಗೆ ಕೆಲಸ ಹೋಗುವುದೇ ಇಲ್ಲ, ಯಾವಾಗಲೂ ಅವೇ. ಯಾಕೆ?

ಅಫಿನಿಟಿ ನೋಡಿ. ಬಿಲ್ಡ್ ಓಡಿಸುವ ಶೆಲ್‌ನಲ್ಲೇ ‘ಟಾಸ್ಕ್‌ಸೆಟ್ -ಸಿಪಿ’ ಕೊಟ್ಟು, ಅದರ ನಂತರ ಎರಡು ಡಾಲರ್ ಗುರುತು ಹಾಕಿ. ‘0-15’ ಬರಬೇಕಾದ ಕಡೆ ‘0-3’ ಬಂದರೆ ಸಿಕ್ಕಿತು. ಅಫಿನಿಟಿ ತಾಯಿ ಪ್ರೊಸೆಸ್‌ನಿಂದ ಮಕ್ಕಳಿಗೆ ಇಳಿದು ಬರುತ್ತದೆ. ಹಾಗಾಗಿ ಟರ್ಮಿನಲನ್ನೋ ಬಿಲ್ಡ್ ಏಜೆಂಟನ್ನೋ ಯಾವ ಸರ್ವಿಸ್ ಎಬ್ಬಿಸಿತೋ ಅಲ್ಲಿ ಹುಡುಕಿ. ಕರ್ನಲ್ ಬೂಟ್ ಸಾಲಿನಲ್ಲಿ ‘ಐಸೊಲ್‌ಸಿಪಿಯುಸ್’ ಇದ್ದರೂ ಆ ಕೋರ್‌ಗಳ ಕಡೆ ಷೆಡ್ಯೂಲರ್ ತಿರುಗಿ ನೋಡುವುದಿಲ್ಲ.

ಪಿ ಕೋರ್, ಇ ಕೋರ್ ಇರುವ ಇಂಟೆಲ್ ಲ್ಯಾಪ್‌ಟಾಪ್. ಕೆಲವು ನಿಧಾನ, ಕೆಲವು ಬೇಗ. ಸರಿಯಾ?

ಸರಿ. ಇಂಟೆಲ್‌ನ 12ನೇ ತಲೆಮಾರಿನ ಐ7-1260ಪಿಯಲ್ಲಿ 4 ದೊಡ್ಡ (ಪಿ) ಕೋರ್, 8 ಚಿಕ್ಕ (ಇ) ಕೋರ್. ದೊಡ್ಡವು ಎರಡೆರಡು ಥ್ರೆಡ್ ಓಡಿಸುವುದರಿಂದ ಒಟ್ಟು 16. ಈ ಹದಿನಾರೂ ಒಂದೇ ಅಳತೆಯವಲ್ಲ. ಒಂದೇ ಕೋರ್ ಹಂಚಿಕೊಳ್ಳುವ ಎರಡು ಥ್ರೆಡ್‌ಗಳು ಎರಡು ಪೂರ್ತಿ ಕೋರ್‌ಗೆ ಸಮ ಆಗುವುದಿಲ್ಲ. ವಿಂಡೋಸ್‌ನಲ್ಲಿ ಬಿಲ್ಡ್ ಕಿಟಕಿಯನ್ನು ಕೆಳಗಿಳಿಸಿಟ್ಟರೆ ಕೆಲಸ ಚಿಕ್ಕ ಕೋರ್‌ಗಳ ಕಡೆ ಹೋಗುವುದೂ ಉಂಟು. ಕಿಟಕಿ ಮುಂದಿಟ್ಟು ಒಮ್ಮೆ ಹೋಲಿಸಿ ನೋಡಿ. ಇನ್ನೊಂದು: ಪಟ್ಟಿ ನೂರು ತೋರಿಸುತ್ತಿದ್ದರೂ ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಅರ್ಧಕ್ಕೆ ಇಳಿದಿರಬಹುದು. ಆ ಶೇಕಡಾವಾರು ವೇಗವನ್ನು ಹೇಳುವುದಿಲ್ಲ. ‘ಟರ್ಬೊಸ್ಟ್ಯಾಟ್’ ಹೇಳುತ್ತದೆ.

ಷೆಡ್ಯೂಲರ್‌ನಲ್ಲೇ ದೋಷ ಇರಬಹುದಾ?

ಕಡಿಮೆ. ಆದರೆ ಇದ್ದದ್ದುಂಟು. 2016ರಲ್ಲಿ ಯೂರೋಸಿಸ್ ಸಮ್ಮೇಳನದಲ್ಲಿ ಬಂದ ಒಂದು ಸಂಶೋಧನೆ ಲಿನಕ್ಸ್ ಷೆಡ್ಯೂಲರ್‌ನ ನಾಲ್ಕು ದೋಷಗಳನ್ನು ತೋರಿಸಿತು. 64 ಕೋರ್‌ಗಳ ಯಂತ್ರದಲ್ಲಿ ಒಂದು ಕಡೆ 64 ಜಾಬ್‌ನ ಮೇಕ್, ಇನ್ನೊಂದು ಕಡೆ ಒಂಟಿ ಥ್ರೆಡ್‌ನ ಎರಡು ಆರ್ ಭಾಷೆಯ ಪ್ರೋಗ್ರಾಂ. ಆರ್ ಥ್ರೆಡ್‌ನ ತೂಕ ಜಾಸ್ತಿ ಅಂತ ಲೆಕ್ಕವಾಗಿ, ಅದು ಇರುವ ಕೋರ್ ಗುಂಪಿನ ಸರಾಸರಿ ಲೋಡ್ ದೊಡ್ಡದಾಗಿ ಕಾಣುತ್ತಿತ್ತು. ಆದ್ದರಿಂದ ಆ ಗುಂಪಿನ ಉಳಿದ ಕೋರ್‌ಗಳು ಖಾಲಿ ಇದ್ದರೂ ಬೇರೆ ಗುಂಪಿನಿಂದ ಕೆಲಸ ಎಳೆದುಕೊಳ್ಳುತ್ತಿರಲಿಲ್ಲ. ಸರಿಪಡಿಸಿದಾಗ ಮೇಕ್‌ನ ಹೊತ್ತು ಶೇ. 13ರಷ್ಟು ಇಳಿಯಿತು. ಆಮೇಲೆ ಷೆಡ್ಯೂಲರ್ ಬಹಳ ಬದಲಾಗಿದೆ. 6.6ನೇ ಕರ್ನಲ್‌ನಿಂದ ಒಳಗಿನ ವಿಧಾನವೇ ಬೇರೆ. ಹಾಗಾಗಿ ಮೇಲಿನದ್ದೆಲ್ಲ ನೋಡಿ ಮುಗಿಸಿದ ಮೇಲಷ್ಟೇ ಷೆಡ್ಯೂಲರ್ ಮೇಲೆ ಅನುಮಾನಪಡಿ.

ರಸ್ಟ್ ಬಿಲ್ಡ್ ಕೊನೆಯಲ್ಲಿ ಒಂದೇ ಕ್ರೇಟ್‌ನಲ್ಲಿ (ರಸ್ಟ್ ಕೋಡ್‌ನ ಒಂದು ಘಟಕದಲ್ಲಿ) ನಿಲ್ಲುತ್ತದೆ.

‘ಕಾರ್ಗೋ ಬಿಲ್ಡ್’ ಜೊತೆ ‘ಟೈಮಿಂಗ್ಸ್’ ಆಯ್ಕೆ ಕೊಡಿ. ಯಾವ ಕ್ರೇಟ್ ಎಷ್ಟು ಹೊತ್ತು, ಯಾವುದಕ್ಕೆ ಕಾಯಿತು ಅಂತ ಚಿತ್ರವಿರುವ ಪುಟ ಸಿಗುತ್ತದೆ. ಕೊನೆಯ ಕ್ರೇಟ್ ದಪ್ಪ ಇದ್ದರೆ ಒಡೆಯಿರಿ.

ಜಾಸ್ತಿ ಕೋರ್ ಇರುವ ಯಂತ್ರ ಕೊಂಡರೆ ಸರಿಹೋಗುತ್ತಾ?

ಕೊಳ್ಳುವ ಮೊದಲು ಒಂದು ಕಾಗದದಲ್ಲಿ ಲೆಕ್ಕ ಹಾಕಿ. ಒಂದೇ ಕೋರ್‌ನಲ್ಲಿ 60 ನಿಮಿಷದ ಬಿಲ್ಡ್, ಅದರಲ್ಲಿ 6 ನಿಮಿಷ ಹಂಚಲಾಗದ ಕೆಲಸ ಅಂತಿಟ್ಟುಕೊಳ್ಳಿ. 8 ಕೋರ್‌ನಲ್ಲಿ ಸುಮಾರು 12.75 ನಿಮಿಷ. 16ರಲ್ಲಿ 9.4. 32ರಲ್ಲಿ 7.7. ಎಷ್ಟೇ ಕೋರ್ ಹಾಕಿದರೂ 6ಕ್ಕಿಂತ ಕೆಳಗಿಳಿಯುವುದಿಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಹೇಳಿದ್ದು ಇದನ್ನೇ. ಅದೇ 6 ನಿಮಿಷವನ್ನು 2ಕ್ಕೆ ಇಳಿಸಿದರೆ, ಇರುವ 8 ಕೋರ್‌ನಲ್ಲೇ 8.75 ನಿಮಿಷಕ್ಕೆ ಮುಗಿಯುತ್ತದೆ. 16 ಕೋರ್‌ನ ಹೊಸ ಯಂತ್ರಕ್ಕಿಂತ ಬೇಗ!

ಎಲ್ಲ ನೋಡಿದೆ, ಗೊತ್ತಾಗುತ್ತಿಲ್ಲ. ಸಹಾಯ ಕೇಳುವಾಗ ಏನೇನು ಕೊಡಬೇಕು?

ಎಚ್‌ಟಾಪ್‌ನ ಫೋಟೋ ಒಂದೇ ಕಳಿಸಿದರೆ ಯಾರಿಗೂ ಏನೂ ಹೇಳಲಾಗುವುದಿಲ್ಲ. ಪ್ರೊಸೆಸರ್‌ನ ಪೂರ್ತಿ ಹೆಸರು, ರ‍್ಯಾಮ್ ಎಷ್ಟು, ಕೊಟ್ಟ ಕಮಾಂಡ್ ಇದ್ದ ಹಾಗೇ, ಮೇಕ್ ಅಥವಾ ನಿಂಜಾದ ಆವೃತ್ತಿ ಬರೆಯಿರಿ. ಕೋರ್‌ಗಳು ಖಾಲಿಯಾದ ಹೊತ್ತಿನ ವಿಎಂಸ್ಟ್ಯಾಟ್‌ನ ಇಪ್ಪತ್ತು ಮೂವತ್ತು ಸಾಲು ಹಾಕಿ. ಅದೇ ಹೊತ್ತಿನಲ್ಲಿ ಓಡುತ್ತಿದ್ದ ಪ್ರೋಗ್ರಾಂ ಮತ್ತು ಫೈಲ್‌ನ ಹೆಸರೂ ಇರಲಿ. ‘-ಜೆ1’, ‘-ಜೆ8’, ‘-ಜೆ16’ ಮೂರರಲ್ಲೂ ಬಿಲ್ಡ್ ಪೂರ್ತಿ ಅಳಿಸಿ ಮೊದಲಿನಿಂದ ಓಡಿಸಿ, ‘ಟೈಮ್’ ಕಮಾಂಡ್ ಕೊಟ್ಟ ಹೊತ್ತನ್ನು ಬರೆದುಕೊಳ್ಳಿ. ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಷ್ ಹಾಕಿದ್ದರೆ ಅಳತೆ ಮಾಡುವಾಗ ಅದನ್ನು ನಿಲ್ಲಿಸಿಡಿ. ಇಲ್ಲವಾದರೆ ಎರಡನೇ ಸಲ ಕಂಪೈಲ್ ಆಗದೆಯೇ ಮುಗಿದು, ಲೆಕ್ಕವೆಲ್ಲ ತಪ್ಪುತ್ತದೆ.